ಪದಚರ್ಚೆ: ‘ಸ್ಪೆಲ್ ಸ್ಲಾಟ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕತೆ ಕಟ್ಟುತ್ತ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನು ನಮ್ಮ ಮನೆಯಲ್ಲಿ ಎರಡು ವರ್ಷದಿಂದ ಕನ್ನಡದಲ್ಲೇ ಆಡುತ್ತಿದ್ದೇವೆ. ಅಕ್ಕನ ಮಕ್ಕಳಿಬ್ಬರು, ಅವರ ಗೆಳೆಯರು ಮೂವರು; ಕತೆ ನಡೆಸುವ ಸೂತ್ರಧಾರ ನಾನು. ಮಂತ್ರ ಹಾಕುವ ಪಾತ್ರಗಳಿಗೆ ನಾವೇ ಮಾಡಿಕೊಂಡ ನಿಯಮಗಳನ್ನು ಈಗ ಬರೆದಿಡಲು ಕೂತಿದ್ದೇನೆ. ಆಡುವಾಗ ಇಂಗ್ಲಿಷ್ ಪದಗಳು ಮಾತಿನ ಓಟದಲ್ಲಿ ದಾಟಿಹೋಗುತ್ತಿದ್ದವು. ಬರೆಯುವಾಗ ಒಂದೊಂದೂ ಅಡ್ಡ ನಿಂತಿದೆ. ಅದರಲ್ಲೂ ‘ಸ್ಪೆಲ್ ಸ್ಲಾಟ್’, ಅಂದರೆ ಒಂದು ಪಾತ್ರ ದಿನಕ್ಕೆ ಇಷ್ಟು ಮಂತ್ರ ಹಾಕಬಹುದು ಎಂದು ಎಣಿಸಿ ಕೊಡುವ ಲೆಕ್ಕ. ಮೂಲ ನಿಯಮಗಳ ಬಹುಭಾಗ 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಸಿಗುತ್ತಿರುವುದರಿಂದ, ಹೆಸರು ಹೇಳಿ ಯಾವ ಭಾಷೆಗೆ ಬೇಕಾದರೂ ತರಬಹುದು. ಹಾಗಾಗಿ ಇದು ನಮ್ಮ ಮನೆಗಷ್ಟೇ ಮುಗಿಯುವ ಕೆಲಸವಲ್ಲ ಎಂದುಕೊಂಡು ನಿಮ್ಮ ಮುಂದೆ ಇಡುತ್ತಿದ್ದೇನೆ.

‘ಹೌಸ್ ರೂಲ್’ಗೆ ಹೆಚ್ಚು ಯೋಚಿಸಬೇಕಾಗಲಿಲ್ಲ. ಚೌಕಾಬಾರದಲ್ಲಿ ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗಬಹುದೇ ಎಂಬುದು ಮನೆಮನೆಗೂ ಬೇರೆ. ಕವಡೆ ಹಾಕುವ ಮೊದಲೇ ‘ನಮ್ಮನೇಲಿ ಹೀಗೆ’ ಎಂದು ಹೇಳಿಬಿಡುತ್ತೇವೆ. ಅದನ್ನೇ ‘ಮನೆಕಟ್ಟಳೆ’ ಎಂದು ಬರೆದುಕೊಂಡೆ. ಪಾತ್ರ ಯೋಧನೋ ಪೂಜಾರಿಯೋ ಮಂತ್ರ ಹಾಕುವವನೋ ಎಂದು ಹೇಳುವ ‘ಕ್ಲಾಸ್’ಗೆ ‘ಕಸುಬು’. ‘ವರ್ಣ’, ‘ಕುಲ’ ಎಂದು ಸೂಚಿಸಿದವರಿದ್ದರು. ಆಟಗಾರ ತಾನಾಗಿ ಆರಿಸಿಕೊಳ್ಳುವುದಕ್ಕೆ ಹುಟ್ಟಿನಿಂದ ಅಂಟುವ ಪದ ಬೇಡವೇ ಬೇಡ.

ಪಾತ್ರ ಎಷ್ಟು ಪಳಗಿದೆ, ಮಂತ್ರ ಎಷ್ಟು ಬಲದ್ದು ಎಂಬ ಎರಡನ್ನೂ ಹೇಳುವ ‘ಲೆವೆಲ್’ ಇಂಗ್ಲಿಷಿನಲ್ಲೇ ತೊಡಕಿನ ಪದ. ಐದನೇ ಲೆವೆಲ್ಲಿನ ಮಂತ್ರವಾದಿಗೆ ಮೂರನೇ ಲೆವೆಲ್ಲಿನ ಮಂತ್ರ ಸಿಗುತ್ತದೆ ಎಂದರೆ ಹೊಸಬರು ಕಣ್ಣುಕಣ್ಣು ಬಿಡುತ್ತಾರೆ. ಆಟ ಕಟ್ಟಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ 1978ರ ಆಟಗಾರರ ಕೈಪಿಡಿಯಲ್ಲಿ ಇದನ್ನು ಒಪ್ಪಿಕೊಂಡು, ಪಾತ್ರಕ್ಕೆ, ಮಂತ್ರಕ್ಕೆ, ರಾಕ್ಷಸರಿಗೆ ಬೇರೆಬೇರೆ ಪದ ಇಡುವ ಯೋಚನೆಯಿತ್ತು, ಬಳಕೆ ಬೇರೂರಿಬಿಟ್ಟಿದ್ದರಿಂದ ಕೈಬಿಟ್ಟೆವು ಎಂದು ಬರೆದಿದ್ದರು. ನಮಗೆ ಇನ್ನೂ ಏನೂ ಬೇರೂರಿಲ್ಲ. ಪಾತ್ರಕ್ಕೆ ‘ಮಟ್ಟ’, ಮಂತ್ರಕ್ಕೆ ‘ದರ್ಜೆ’ ಎಂದು ಈಗಲೇ ಬೇರ್ಪಡಿಸಿದರೆ ಒಳ್ಳೆಯದು.

ಇನ್ನು ಕಸುಬುಗಳ ಹೆಸರು. 1974ರ ಮೊದಲ ಆಟದಲ್ಲಿ ಪೂಜಾರಿಯನ್ನು ಬಿಟ್ಟರೆ ಮಂತ್ರ ಹಾಕುವವನು ಒಬ್ಬನೇ ಇದ್ದ. ಈಗ ವಿಜರ್ಡ್, ಸಾರ್ಸರರ್, ವಾರ್ಲಾಕ್ ಮೂವರಿದ್ದಾರೆ, ನಮ್ಮ ನಿಘಂಟುಗಳಲ್ಲಿ ಮೂವರೂ ‘ಮಾಂತ್ರಿಕ’ ಅಥವಾ ‘ಮಾಟಗಾರ’. ಆಟದಲ್ಲಿ ಅವರ ನಡುವಿನ ಅಂತರವೇ ಮುಖ್ಯ: ಒಬ್ಬ ಪುಸ್ತಕ ಓದಿ ಕಲಿತವನು, ಇನ್ನೊಬ್ಬನಿಗೆ ರಕ್ತದಲ್ಲೇ ಬಂದದ್ದು, ಮತ್ತೊಬ್ಬ ಯಾವುದೋ ಶಕ್ತಿಗೆ ಮಾತು ಕೊಟ್ಟು ಪಡೆದವನು. ಯೋಗಸೂತ್ರದ ನಾಲ್ಕನೇ ಪಾದ ಸಿದ್ಧಿಗಳು ಹುಟ್ಟುವ ಬಗೆಯನ್ನು ಎಣಿಸಿಯೇ ಶುರುವಾಗುತ್ತದೆ: ಜನ್ಮ, ಔಷಧಿ, ಮಂತ್ರ, ತಪಸ್ಸು, ಸಮಾಧಿ. ಅದನ್ನು ನೆನೆದು ಮೊದಲನೆಯವನನ್ನು ‘ಮಂತ್ರವಾದಿ’, ಎರಡನೆಯವನನ್ನು ‘ಹುಟ್ಟುಸಿದ್ಧ’ ಎಂದು ಕರೆದೆ. ಕಾಡನ್ನು ಪೂಜಿಸುವ, ಗಿಡಮೂಲಿಕೆಯ ಡ್ರೂಯಿಡ್‌ಗೂ ಅಲ್ಲಿಂದಲೇ ಹೆಸರು ಸಿಕ್ಕೀತು.

ಮೂರನೆಯವನಿಗೆ ನನ್ನ ಆಯ್ಕೆ ‘ಜೋಳವಾಳಿ’. ಉಂಡ ಜೋಳದ ಋಣಕ್ಕೆ ಒಡೆಯನಿಗೆ ಕಟ್ಟುಬೀಳುವ ನಿಷ್ಠೆ ಎಂಬ ಅರ್ಥದಲ್ಲಿ ನಮ್ಮ ಹಳೆಯ ಕಾವ್ಯಗಳಲ್ಲೂ ಶಾಸನಗಳಲ್ಲೂ ಕಾಣುವ ಪದ ಇದು. ಇಂಗ್ಲಿಷಿನ ವಾರ್ಲಾಕ್ ಮೂಲದಲ್ಲಿ ಮಾತಿಗೆ ತಪ್ಪಿದವನು. ನಮ್ಮವನು ಮಾತಿಗೆ ನಿಲ್ಲುವವನು. ಹೀಗೆ ತಿರುಗಿಸಿದ್ದು ನನಗೆ ಹಿಡಿಸಿದೆ. ಆ ಪದಕ್ಕಿರುವ ವೀರರಸದ ಗೌರವಕ್ಕೆ ಇದರಿಂದ ಕುಂದು ಎಂದು ಹಳಗನ್ನಡ ಬಲ್ಲವರಿಗೆ ಅನ್ನಿಸಿದರೆ ದಯವಿಟ್ಟು ಹೇಳಿ, ಬಿಟ್ಟುಬಿಡುತ್ತೇನೆ.

‘ಸ್ಪೆಲ್’ಗೆ ‘ಮಾಟ’ ಎನ್ನಬಹುದಲ್ಲ ಎಂದು ಇಬ್ಬರು ಕೇಳಿದ್ದಾರೆ. ಪದವೇನೋ ಸೊಗಸಾದದ್ದೇ. ‘ಮಾಡು’ವಿನಿಂದ ಬಂದದ್ದು, ‘ಮಾಟವಾದ ಮೂಗು’ ಎನ್ನುವಾಗ ಚೆಲುವೂ ಹೌದು. ಮಾಟ ಮಾಡುವುದರಿಂದ, ಮಂತ್ರ ಮನನದಿಂದ, ಸ್ಪೆಲ್ ಹಳೆಯ ಇಂಗ್ಲಿಷಿನಲ್ಲಿ ‘ಮಾತು’ ಎಂಬುದರಿಂದ. ಮೂರು ಪದಗಳಿಗೆ ಮೂರು ದಾರಿ. ಆದರೆ ‘ಮಾಟ ಮಾಡಿಸಿದ್ದಾಳೆ’ ಎಂಬ ಒಂದು ಮಾತಿನಿಂದ ಊರು ಬಿಡಬೇಕಾದ ಹೆಂಗಸರಿದ್ದಾರೆ. ಬೀದರ, ಕಲಬುರಗಿ ಕಡೆ ಬಾಣಾಮತಿಯ ಗುಮಾನಿ ತಂದ ಹಿಂಸೆ ಕಟ್ಟುಕತೆಯಲ್ಲ. ವಾಮಾಚಾರ ತಡೆಯಲು ರಾಜ್ಯ 2017ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಮಕ್ಕಳ ಆಟದ ಹಾಳೆಯಲ್ಲಿ ಆ ಪದವನ್ನು ನಾನು ಬರೆಯಲಾರೆ. ‘ಮಂತ್ರ’ ಸಾಕು. ದಿನಕ್ಕೆ ಎಷ್ಟು ಸಲ ಬೇಕಾದರೂ ಹಾಕಬಹುದಾದ ಪುಟ್ಟ ಕ್ಯಾಂಟ್ರಿಪ್‌ಗೆ ‘ಚಿಟಿಕೆ’.

ಈಗ ನಿಜವಾದ ತೊಡಕು, ‘ಸ್ಲಾಟ್’. ಅಮೆರಿಕದ ಲೇಖಕ ಜಾಕ್ ವ್ಯಾನ್ಸ್ ಕತೆಗಳಿಂದ ಬಂದ ಮೊದಲ ಪದ್ಧತಿಯಲ್ಲಿ ಮಂತ್ರವನ್ನು ಬಾಯಿಪಾಠ ಮಾಡಿ, ಒಮ್ಮೆ ಹೇಳಿದೊಡನೆ ಅದು ತಲೆಯಿಂದಲೇ ಅಳಿಸಿಹೋಗುತ್ತಿತ್ತು. ಆಗ ‘ಖಾನೆ’ ಎಂದಿದ್ದರೂ ನಡೆಯುತ್ತಿತ್ತೇನೋ. 2014ರ ಐದನೇ ಆವೃತ್ತಿಯಲ್ಲಿ ಮಂತ್ರ ನೆನಪಿನಲ್ಲೇ ಉಳಿಯುತ್ತದೆ, ಸ್ಲಾಟ್ ಖರ್ಚಾಗುತ್ತದೆ. ಐದನೇ ಮಟ್ಟದ ಮಂತ್ರವಾದಿಗೆ ಮೊದಲ ದರ್ಜೆಯವು 4, ಎರಡನೆಯವು 3, ಮೂರನೆಯವು 2. ಸಣ್ಣ ಮಂತ್ರವನ್ನು ದೊಡ್ಡ ಸ್ಲಾಟಿನಲ್ಲಿ ಹಾಕಿ ಅದರ ಬಲ ಹೆಚ್ಚಿಸಲೂಬಹುದು. ಖಾನೆ ಖಾಲಿಯಾಗುತ್ತದೆ, ತುಂಬುತ್ತದೆ, ಆದರೆ ಕನ್ನಡದಲ್ಲಿ ಯಾರೂ ಖಾನೆಯನ್ನು ಖರ್ಚು ಮಾಡುವುದಿಲ್ಲ. ಕ್ರಿಯಾಪದ ಕೂಡದ ಕಡೆ ನಾಮಪದ ಎಷ್ಟು ಚೆನ್ನಾಗಿದ್ದರೂ ನಿಲ್ಲದು.

ಆಮೇಲೆ ಅಶ್ವತ್ಥಾಮ ನೆನಪಾದ. ಕೈಗೆ ಸಿಕ್ಕ ಒಂದು ಹುಲ್ಲುಕಡ್ಡಿಯನ್ನು ಮಂತ್ರಿಸಿ ಬ್ರಹ್ಮಾಸ್ತ್ರ ಮಾಡಿದನಲ್ಲ! ಅಂದರೆ ಅಂಬು ಬೇರೆ, ಮಂತ್ರ ಬೇರೆ, ಎರಡೂ ಕೂಡಿದಾಗ ಅಸ್ತ್ರ. ಸ್ಲಾಟ್ ಇಂಗ್ಲಿಷಿನಲ್ಲಿ ಬರಿಯ ತೆರಪು; ನಮ್ಮ ಕಲ್ಪನೆಯಲ್ಲಿ ಅದು ಮಂತ್ರವನ್ನು ಹೊರುವ ವಸ್ತು. ‘ಮೂರನೇ ದರ್ಜೆಯ ಅಂಬು ಎರಡು ಉಳಿದಿವೆ’ ಎಂದರೆ ಮಕ್ಕಳಿಗೆ ತಕ್ಷಣ ಅರ್ಥವಾಯಿತು. ಎದುರಾಳಿಯ ಮಂತ್ರವನ್ನು ತಡೆಯುವ ಕೌಂಟರ್‌ಸ್ಪೆಲ್‌ಗೆ ‘ಪ್ರತ್ಯಸ್ತ್ರ’ ತಾನಾಗಿ ಬಂತು. ಎರಡು ವಾರ ಹೀಗೇ ಆಡಿದೆವು. ಪೂಜಾರಿಯ ಪಾತ್ರ ಆಡುವ ಚಿಕ್ಕವಳು ಒಂದು ದಿನ, ‘ಮಾಮ, ಗಾಯ ಮಾಯಿಸೋಕೂ ಅಂಬು ಬಿಡ್ಬೇಕಾ?’ ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಈಗ ನನ್ನ ಮನಸ್ಸಿನಲ್ಲಿರುವುದು ‘ಬೊಗಸೆ’. ಋಷಿಗಳು ಶಾಪ ಕೊಡುವಾಗಲೂ ವರ ಕೊಡುವಾಗಲೂ ಕೈಯಲ್ಲಿ ನೀರು ಹಿಡಿದು ಮಂತ್ರಿಸುತ್ತಾರೆ. ಮಗುವಿಗೆ ದೃಷ್ಟಿಯಾದರೆ ಇಂದಿಗೂ ನೀರು ಮಂತ್ರಿಸಿ ಕೊಡುವವರಿದ್ದಾರೆ. ಸುಡುವುದಕ್ಕೂ ಮಾಯಿಸುವುದಕ್ಕೂ ಅದೇ ನೀರು. ಬೊಗಸೆ ಚೆಲ್ಲುತ್ತದೆ, ಮುಗಿಯುತ್ತದೆ, ರಾತ್ರಿ ತಂಗಿ ಎದ್ದರೆ ಮತ್ತೆ ತುಂಬಿಕೊಳ್ಳುತ್ತದೆ. ಚಿಟಿಕೆಯ ಪಕ್ಕದಲ್ಲಿ ಅಳತೆಯಾಗಿಯೂ ಹೊಂದುತ್ತದೆ. ನಮ್ಮ ಮನೆಕಟ್ಟಳೆಯಲ್ಲಿ ಹುಟ್ಟುಸಿದ್ಧನಿಗೆ ಮಾತ್ರ ಸ್ಲಾಟ್ ಬದಲು ಖರ್ಚು ಮಾಡುವ ಅಂಕಗಳು: ಮೊದಲ ದರ್ಜೆಯ ಮಂತ್ರಕ್ಕೆ 2, ಎರಡನೆಯದಕ್ಕೆ 3, ಮೂರನೆಯದಕ್ಕೆ 5, ಐದನೇ ಮಟ್ಟದಲ್ಲಿ ಒಟ್ಟು 27. ಇದು ಮೂಲ ಪುಸ್ತಕವೇ ಕೊಡುವ ಪರ್ಯಾಯ. ಅದಕ್ಕೆ ‘ಕಸುವು’ ಎಂದಿದ್ದೇವೆ, ಅದರಲ್ಲಿ ಯಾರಿಗೂ ತಕರಾರಿಲ್ಲ.

ನನ್ನ ಪ್ರಶ್ನೆ ಇಷ್ಟು. ಮಂತ್ರಿಸಿ ಕೊಡುವ ನೀರು, ದಾರ, ಬೂದಿ, ಅಂತ್ರ ಇವೆಲ್ಲಕ್ಕೂ ಸೇರಿ, ಅಂದರೆ ಮಂತ್ರ ಇಳಿಯುವ ವಸ್ತುವಿಗೆ, ನಿಮ್ಮ ಕಡೆ ಒಂದೇ ಪದ ಇದೆಯೇ? ಮಲೆನಾಡು, ಕರಾವಳಿ, ಕಲ್ಯಾಣ ಕರ್ನಾಟಕದ ಮನೆಗಳಲ್ಲಿ ಅಜ್ಜಿಯರು ಆಡುವ ಪದವಾದರೆ ಇನ್ನೂ ಒಳ್ಳೆಯದು. ಇಲ್ಲದಿದ್ದರೆ, ‘ಎರಡನೇ ದರ್ಜೆಯ ಬೊಗಸೆ’ ಎಂಬುದು ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ?