ರಾತ್ರಿ ಎಂಟಕ್ಕೆ ಮನೆ ಮುಟ್ಟುವವರು ಅಡುಗೆ ಏನು ಮಾಡುತ್ತೀರಿ? ಜೊತೆಗೆ ಒಂದು ಸಿಹಿಯೂ ಬೇಕಿತ್ತು

ನವನಗರದ ಸೊಸೆ:

ಎಲ್ಲರಿಗೂ ನಮಸ್ಕಾರ. ಮನೆ ಇರುವುದು ಹುಬ್ಬಳ್ಳಿಯ ನವನಗರದಲ್ಲಿ, ನನ್ನ ಕೆಲಸ ಧಾರವಾಡದಲ್ಲಿ, ನಮ್ಮ ಯಜಮಾನರದ್ದು ಗೋಕುಲ ರಸ್ತೆ ಕಡೆ. ಚಿಗರಿ ಬಸ್ ಇಳಿದು ಮನೆ ಸೇರುವಷ್ಟರಲ್ಲಿ ಏಳೂವರೆ, ಒಮ್ಮೊಮ್ಮೆ ಎಂಟು. ಮನೆಯಲ್ಲಿ ಅತ್ತೆ ಇದ್ದಾರೆ. ಮಂಡಿನೋವು, ಒಲೆ ಮುಂದೆ ಜಾಸ್ತಿ ಹೊತ್ತು ನಿಲ್ಲಲು ಆಗುವುದಿಲ್ಲ. ಮಗ ನಾಲ್ಕನೇ ಇಯತ್ತೆ, ಖಾರ ಅಂದರೆ ಎದ್ದು ಓಡುತ್ತಾನೆ.

ವಾರದಲ್ಲಿ ಅರ್ಧ ದಿನ ಅನ್ನ ಸಾರು, ಇನ್ನರ್ಧ ದಿನ ಮೊಬೈಲ್‌ನಲ್ಲಿ ಆರ್ಡರ್. ಅತ್ತೆ ಏನೂ ಅನ್ನುವುದಿಲ್ಲ. ಆದರೆ ಆ ಪನೀರ್ ಗ್ರೇವಿ ತಟ್ಟೆಗೆ ಬಿದ್ದ ಕೂಡಲೇ ಎದ್ದು ಹೋಗಿ ಮೊಸರು, ಚಟ್ನಿಪುಡಿ ತಂದುಕೊಂಡು ಕೂರುತ್ತಾರೆ. ಅದಕ್ಕಿಂತ ಬೈದಿದ್ದರೆ ಚಲೋ ಇತ್ತು!

ಅರ್ಧ ಗಂಟೆಯಲ್ಲಿ ಆಗುವ, ನಮ್ಮ ಕಡೆ ರುಚಿಯ ಅಡುಗೆ ಬೇಕು. ದಿನಾ ರೊಟ್ಟಿ ಬಡಿಯುತ್ತಾ ಕೂರಲು ನನ್ನಿಂದ ಆಗುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇನ್ನೊಂದು, ಶನಿವಾರ ರಾತ್ರಿ ಕೇಶ್ವಾಪುರದಿಂದ ನಾದಿನಿ, ಅವಳ ಮಕ್ಕಳು ಬರುತ್ತಾರೆ. ಅವತ್ತಿಗೆ ಮನೆಯಲ್ಲೇ ಮಾಡಿದ ಒಂದು ಸಿಹಿ ಇರಲಿ ಅಂತ ಆಸೆ. ವಿಡಿಯೋದವರು ಐದೇ ನಿಮಿಷ ಅನ್ನುತ್ತಾರೆ, ಆಮೇಲೆ ಕಂಡೆನ್ಸ್ಡ್ ಮಿಲ್ಕ್, ಕ್ರೀಮ್, ಅವನ್ ಅಂತ ಶುರು ಮಾಡುತ್ತಾರೆ. ಅಂಥದ್ದು ಬೇಡ.

ಜವಾರಿ ಊಟ:

ಅಕ್ಕಾ, ರೊಟ್ಟಿ ಚಿಂತೆ ಮೊದಲು ಬಿಡಿ. ಖಡಕ್ ರೊಟ್ಟಿ ತಂದಿಡಿ. ಹುಬ್ಬಳ್ಳಿಯಲ್ಲಿ ಮನೆಯಲ್ಲೇ ಮಾಡಿ ಕೊಡುವ ಹೆಣ್ಣುಮಕ್ಕಳು ಓಣಿ ಓಣಿಯಲ್ಲಿ ಸಿಗುತ್ತಾರೆ, ಅಂಗಡಿಗಿಂತ ಅವರ ಕೈಯ ರೊಟ್ಟಿ ತೆಳ್ಳಗೆ ಇರುತ್ತದೆ. ಗಾಳಿ ತಾಗದ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಅದರ ಪಕ್ಕಕ್ಕೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಮೂರು ಡಬ್ಬಿ ಸಾಲಾಗಿ ಇಟ್ಟರೆ ಅರ್ಧ ಅಡುಗೆ ಆದ ಹಾಗೆ. ನೀವು ಮಾಡಬೇಕಾದದ್ದು ಬಿಸಿಯಾದ ಒಂದು ಪದಾರ್ಥ ಮಾತ್ರ.

ಆ ಒಂದಕ್ಕೆ ನನ್ನ ವೋಟು ಝುಣಕಕ್ಕೆ. ತರಕಾರಿ ಇಲ್ಲದ ದಿನವೂ ಆಗುತ್ತದೆ. ಕಡಲೆಹಿಟ್ಟು ಒಂದು ಕಪ್, ನೀರು ಎರಡು ಕಪ್. ಹಿಟ್ಟನ್ನು ಮೊದಲೇ ತಣ್ಣೀರಲ್ಲಿ ಗಂಟಿಲ್ಲದ ಹಾಗೆ ಕಲಸಿಕೊಳ್ಳಿ. ಕುದಿಯುವ ನೀರಿಗೆ ಒಣ ಹಿಟ್ಟು ಸುರಿದರೆ ಹೊರಗೆ ಬೆಂದು ಒಳಗೆ ಹಸಿ ಉಳಿದ ಗಂಟುಗಳಾಗುತ್ತವೆ, ಆಮೇಲೆ ಎಷ್ಟು ತಿರುವಿದರೂ ಒಡೆಯುವುದಿಲ್ಲ. ಎಣ್ಣೆಗೆ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಹಸಿಮೆಣಸಿನಕಾಯಿ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ. ಬೆಳ್ಳುಳ್ಳಿಯಲ್ಲಿ ಜಿಪುಣತನ ಮಾಡಬೇಡಿ. ಉಳ್ಳಾಗಡ್ಡಿ ಮೆತ್ತಗಾದ ಮೇಲೆ ಅರಿಶಿನ, ಉಪ್ಪು, ಆಮೇಲೆ ಕಲಸಿದ ಹಿಟ್ಟು. ಉರಿ ಸಣ್ಣ ಮಾಡಿ ತಿರುವುತ್ತಾ ಇರಿ. ಮೊದಲು ಮಜ್ಜಿಗೆಯಂತೆ ತೆಳ್ಳಗೆ ಕಾಣುತ್ತದೆ, ಎರಡು ನಿಮಿಷಕ್ಕೆ ದಪ್ಪ ಆಗಿ ಪುಟುಪುಟು ಅಂತ ಸಿಡಿಯಲು ಶುರುವಾಗುತ್ತದೆ. ಆಗ ಮುಚ್ಚಳ ಹಾಕಿ ಐದಾರು ನಿಮಿಷ. ಬಾಣಲಿಯ ಅಂಚು ಬಿಟ್ಟು ನಡುವಿಗೆ ಸೇರಿತು, ಹಸಿ ವಾಸನೆ ಹೋಯಿತು ಅಂದರೆ ಮುಗಿಯಿತು. ಎಣ್ಣೆ ಸವರಿದ ತಾಟಿನಲ್ಲಿ ಹರಡಿ, ಮೇಲೆ ಒಣಕೊಬ್ಬರಿ ತುರಿ, ಕೊತ್ತಂಬರಿ ಉದುರಿಸಿ ಆರಿದ ಮೇಲೆ ಕೊಯ್ದರೆ ಝುಣಕದ ವಡಿ, ಮಗನ ಮರುದಿನದ ಡಬ್ಬಿಗೂ ಆಯಿತು. ಅವನ ಪಾಲಿಗೆ ಹಸಿಮೆಣಸಿನಕಾಯಿ ಸೀಳಿ ಹಾಕಿ, ಅರೆದು ಹಾಕಬೇಡಿ. ಬಡಿಸುವಾಗ ತೆಗೆದಿಡಬಹುದು.

ಗದಗಿನ ಮಾಸ್ತರ:

ಝುಣಕಕ್ಕೆ ಪೂರ್ತಿ ಒಪ್ಪಿಗೆ. ಖಡಕ್ ರೊಟ್ಟಿಗೆ ಅರ್ಧ ಒಪ್ಪಿಗೆ. ಅತ್ತೆಯವರ ವಯಸ್ಸಿಗೆ ಹಲ್ಲು ಹೇಗಿದೆ ಅಂತ ಯಾರೂ ಕೇಳಲಿಲ್ಲವಲ್ಲ! ಅವರ ಪಾಲಿನ ರೊಟ್ಟಿಗೆ ಎರಡೂ ಕಡೆ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಹತ್ತು ನಿಮಿಷ ಸುತ್ತಿಡಿ. ಮೆತ್ತಗಾಗುತ್ತದೆ. ಬಿಸಿ ರೊಟ್ಟಿಗೆ ಸಮ ಅನ್ನಲಾರೆ, ಬಿಸಿ ರೊಟ್ಟಿ ಬಿಸಿ ರೊಟ್ಟಿಯೇ. ರವಿವಾರ ಒಂದು ದಿನ ಬಡಿಯಿರಿ, ಅವತ್ತು ಎಣಗಾಯಿ ಮಾಡಿ, ಉಳಿದ ದಿನ ಹೀಗೇ ನಡೆಯಲಿ.

ನಮ್ಮ ಮನೆಯಲ್ಲಿ ರಾತ್ರಿ ಅಡುಗೆ ನನ್ನದೇ, ಅದಕ್ಕೇ ಇಷ್ಟು ಮಾತು. ಮಡಕಿ ಕಾಳು ಬೆಳಿಗ್ಗೆ ನೆನೆ ಹಾಕಿ ಹೋಗಿ. ರಾತ್ರಿ ನೀರು ಬಸಿದು ಬಟ್ಟೆಯಲ್ಲಿ ಗಟ್ಟಿಯಾಗಿ ಕಟ್ಟಿಡಿ. ಮರುದಿನ ಸಂಜೆ ನೀವು ಬರುವುದರೊಳಗೆ ಮೊಳಕೆ ಬಂದಿರುತ್ತದೆ, ಜಾಸ್ತಿ ಇದ್ದರೆ ಫ್ರಿಜ್‌ನಲ್ಲಿಟ್ಟು ಎರಡು ದಿನ ಬಳಸಬಹುದು. ಕುಕ್ಕರ್‌ಗೆ ಮಾತ್ರ ಹಾಕಬೇಡಿ. ಮೊಳಕೆ ಬಂದ ಕಾಳು ಬೇಗ ಬೇಯುತ್ತದೆ, ಸೀಟಿ ಹೊಡೆಸಿದರೆ ಹಿಟ್ಟು ಹಿಟ್ಟಾಗುತ್ತದೆ. ಬಾಣಲಿಯಲ್ಲಿ ಒಗ್ಗರಣೆ ಹಾಕಿ, ಸ್ವಲ್ಪ ನೀರು ಚಿಮುಕಿಸಿ ಮುಚ್ಚಿ, ಹನ್ನೆರಡು ನಿಮಿಷ ಸಾಕು. ಕೊನೆಗೆ ಎರಡು ಚಮಚ ಗುರೆಳ್ಳು ಪುಡಿ.

ಇನ್ನೊಂದು ಪುಂಡಿಪಲ್ಯ. ರವಿವಾರ ತೊಗರಿಬೇಳೆ, ಒಂದು ಹಿಡಿ ಜೋಳದ ನುಚ್ಚು, ಬಿಡಿಸಿದ ಪುಂಡಿ ಸೊಪ್ಪು, ಹಸಿಮೆಣಸಿನಕಾಯಿ, ಎಲ್ಲ ಕುಕ್ಕರ್‌ಗೆ. ಬೆಂದ ಮೇಲೆ ಕಡೆದು, ಇಡೀ ಗಡ್ಡೆ ಬೆಳ್ಳುಳ್ಳಿ ಕೆಂಪಗೆ ಹುರಿದು ಒಗ್ಗರಣೆ. ಹುಳಿ ಪಲ್ಯ ಆದ್ದರಿಂದ ಬುಧವಾರದವರೆಗೂ ಫ್ರಿಜ್‌ನಲ್ಲಿ ಧಾರಾಳವಾಗಿ ಇರುತ್ತದೆ, ಮರುದಿನ ರುಚಿ ಇನ್ನೂ ಹೆಚ್ಚು.

ಅಂದಹಾಗೆ ನಿಮ್ಮ ಯಜಮಾನರು ಎಷ್ಟು ಗಂಟೆಗೆ ಮನೆಗೆ ಬರುತ್ತಾರೆ? ಕಾಳು ಕಟ್ಟಿಡಲು ಬಿ.ಇ. ಓದಿರಬೇಕಿಲ್ಲ, ಸುಮ್ನೆ ಕೇಳಿದೆ.

ಹಾನಗಲ್ಲಿನವಳು, ಸದ್ಯ ಬೆಂಗಳೂರು:

ಮಾಸ್ತರರ ಕೊನೆಯ ಸಾಲಿಗೆ ಒಂದು ಚಪ್ಪಾಳೆ.

ತೀರಾ ಸುಸ್ತಾದ ದಿನಕ್ಕೆ ಚುರುಮುರಿ ಸುಸಲಾ ಮರೆತೇಬಿಟ್ಟಿರಾ? ಚುರುಮುರಿಯನ್ನು ನೀರಿಗೆ ಹಾಕಿ ತಕ್ಷಣ ಹಿಂಡಿ ತೆಗೆಯಬೇಕು, ನೆನೆಯಲು ಬಿಟ್ಟು ಹೋಗಿ ಮುಖ ತೊಳೆದು ಬಂದರೆ ಅಂಬಲಿ. ಒಗ್ಗರಣೆಗೆ ಶೇಂಗಾ, ಉಳ್ಳಾಗಡ್ಡಿ, ಟೊಮೆಟೊ, ಅರಿಶಿನ. ಚುರುಮುರಿ ಹಾಕಿ ಕಲಸಿ ಒಲೆ ಆರಿಸಿದ ಮೇಲೆ ಪುಟಾಣಿ (ಹುರಿಗಡಲೆ) ಹಿಟ್ಟು ಉದುರಿಸಿ. ಆ ಹಿಟ್ಟು ಉಳಿದ ನೀರನ್ನೆಲ್ಲ ಹೀರಿಕೊಳ್ಳುತ್ತದೆ, ಸುಸಲಾ ಉದುರು ಉದುರಾಗಿ ನಿಲ್ಲುತ್ತದೆ. ಒಟ್ಟು ಹದಿನೈದು ನಿಮಿಷ. ಮಗನಿಗೆ ನಿಂಬೆಹಣ್ಣು, ಸ್ವಲ್ಪ ಸಕ್ಕರೆ. ಇಲ್ಲಿ ನನ್ನ ರೂಮ್‌ಮೇಟ್ ಇದನ್ನು ತಿಂಡಿ ಅನ್ನುತ್ತಾಳೆ, ರಾತ್ರಿ ಊಟಕ್ಕೆ ಲೆಕ್ಕಕ್ಕಿಲ್ಲವಂತೆ. ಎರಡು ತಟ್ಟೆ ತಿಂದ ಮೇಲೆ ಹೇಳಿದ್ದು.

ಉಂಡಿ ಡಬ್ಬಿ:

ಯವ್ವಾ, ಊಟದ ಮಾತು ಇವರೆಲ್ಲ ಮುಗಿಸಿದರು. ಸಿಹಿ ನನಗೆ ಬಿಡು. ಶೇಂಗಾ ಹೋಳಿಗೆ ಮಾಡು.

ಶನಿವಾರ ಸಂಜೆ ಶೇಂಗಾ ಹುರಿಯುತ್ತಾ ಕೂತರೆ ನಿನ್ನ ಅರ್ಧ ಗಂಟೆ ಅಲ್ಲೇ ಹೋಯಿತು. ಹೂರಣದ ಪುಡಿ ಮೊದಲೇ ಮಾಡಿಡಬೇಕು. ಎರಡು ಕಪ್ ಶೇಂಗಾ ಸಣ್ಣ ಉರಿಯಲ್ಲಿ ಹುರಿ. ಅವಸರ ಮಾಡಿದರೆ ಸಿಪ್ಪೆ ಕಪ್ಪಾಗಿ ಕಾಳು ಹಸಿ ಉಳಿಯುತ್ತದೆ. ಆರಿದ ಮೇಲೆ ಕೈಯಲ್ಲಿ ತಿಕ್ಕಿ ಸಿಪ್ಪೆ ಬಿಡಿಸಿ ಮೊರದಲ್ಲಿ ಕೇರು. ಈ ಕೆಲಸ ಕೂತು ಮಾಡುವಂಥದ್ದು, ನಿಮ್ಮ ಅತ್ತೆ ಟಿ.ವಿ. ನೋಡುತ್ತಾ ಖುಷಿಯಿಂದ ಮಾಡಿಕೊಡುತ್ತಾರೆ, ಕೇಳಿ ನೋಡು. ಮಿಕ್ಸಿಯನ್ನು ಒಂದೇ ಸಮನೆ ಓಡಿಸಬೇಡ. ಬಿಸಿಯಾಗಿ ಶೇಂಗಾ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬಿಟ್ಟು ಬಿಟ್ಟು ತಿರುವಬೇಕು, ಸಣ್ಣ ರವೆಯಷ್ಟು ತರಿ ಇದ್ದರೂ ಪರವಾಗಿಲ್ಲ. ಒಂದೂವರೆ ಕಪ್ ಪುಡಿಬೆಲ್ಲ, ಎರಡು ಚಮಚ ಹುರಿದ ಬಿಳಿ ಎಳ್ಳು, ಏಲಕ್ಕಿ ಸೇರಿಸಿ ಇನ್ನೊಮ್ಮೆ ತಿರುವಿ ಡಬ್ಬಿಗೆ ತುಂಬು. ನೀರು ತಾಗಬಾರದು.

ಶನಿವಾರ ಬೇಕಾದಷ್ಟು ಪುಡಿ ತೆಗೆದುಕೊಂಡು ಒಂದೆರಡು ಚಮಚ ಬಿಸಿ ನೀರು ಚಿಮುಕಿಸಿದರೆ ಹಿಡಿದರೆ ನಿಲ್ಲುವ ಹೂರಣ. ಚಪಾತಿ ಹಿಟ್ಟನ್ನೇ ಸ್ವಲ್ಪ ಮೆತ್ತಗೆ ನಾದಿ, ಒಳಗೆ ತುಂಬಿ, ಮೆಲ್ಲಗೆ ಲಟ್ಟಿಸಿ ಹಂಚಿಗೆ ಹಾಕು. ಶೇಂಗಾ ಹೋಳಿಗೆ ಆಯಿತು. ಬೇಳೆ ಹೋಳಿಗೆಯಂತೆ ಬೇಯಿಸಿ ರುಬ್ಬುವ ರಗಳೆ ಇಲ್ಲ, ಉಳಿದರೆ ವಾರ ಇಟ್ಟು ತಿನ್ನಬಹುದು. ಲಟ್ಟಿಸುವುದಕ್ಕೂ ಬೇಸರ ಬಂದರೆ ಅದೇ ಪುಡಿಗೆ ಬಿಸಿ ತುಪ್ಪ ಹಾಕಿ ಉಂಡಿ ಕಟ್ಟು. ಪಂಚಮಿಗೆ ನಾವು ಹಾಗೇ ಮಾಡುತ್ತೇವೆ. ಉಂಡಿ ಕಟ್ಟಲು ಆ ಮಕ್ಕಳನ್ನೇ ಕೂರಿಸು. ಸೊಟ್ಟಗೆ ಕಟ್ಟಿದರೂ ತಾವು ಕಟ್ಟಿದ್ದು ಅಂತ ತಾವೇ ತಿಂದು ಮುಗಿಸುತ್ತವೆ.

ಚಪಾತಿ ಉಳಿದ ದಿನ ಅದನ್ನು ಕೈಯಲ್ಲಿ ಮುರಿದು ಮಿಕ್ಸಿಯಲ್ಲಿ ಒಂದೆರಡು ಸುತ್ತು, ಬೆಲ್ಲ, ತುಪ್ಪ, ಒಣಕೊಬ್ಬರಿ, ಗಸಗಸೆ ಹಾಕಿ ಕಲಸಿದರೆ ಮಾದಲಿಯ ತಮ್ಮನಂತೆ ಇರುತ್ತದೆ. ನಿಜವಾದ ಮಾದಲಿಗೆ ದಪ್ಪ ಹಿಟ್ಟಿನ ರೊಟ್ಟಿ ಬೇಯಿಸಿ ಕುಟ್ಟಬೇಕು, ಅದು ಹಬ್ಬಕ್ಕಿರಲಿ. ಮೇಲೆ ಹಾಲು ಸುರಿದುಕೊಂಡು ತಿನ್ನುವುದು.

ನವನಗರದ ಸೊಸೆ:

ಎಲ್ಲರಿಗೂ ಭಾಳ ಥ್ಯಾಂಕ್ಸ್. ಮಾಸ್ತರ್ರೇ, ಯಜಮಾನರಿಗೆ ನಿಮ್ಮ ಪೋಸ್ಟ್ ತೋರಿಸಿದೆ. ಮಡಕಿ ಕಾಳು ಎಲ್ಲಿದೆ ಅಂತ ಕೇಳಿದರು! ಹನ್ನೊಂದು ವರ್ಷದ ಸಂಸಾರದಲ್ಲಿ ಮೊದಲ ಸಲ ಆ ಪ್ರಶ್ನೆ.

ಅವ್ವಾ, ಶೇಂಗಾ ಕೆಲಸ ಅತ್ತೆಗೆ ಒಪ್ಪಿಗೆ. ಇನ್ನೆರಡು ಕೇಳುವುದಿದೆ. ಗೋಧಿ ಸಜ್ಜಕ ಮಾಡಿದರೆ ರವೆ ಗಟ್ಟಿ ಉಳಿಯುತ್ತದೆ, ಯಾಕೆ? ಮತ್ತೆ ಧಾರವಾಡ ಪೇಡಾ ಮನೆಯಲ್ಲಿ ಮಾಡಬಹುದಾ? ನಾದಿನಿಯ ಮಗಳು ಅದನ್ನೇ ಕೇಳುತ್ತಾಳೆ.

ಉಂಡಿ ಡಬ್ಬಿ:

ಬೆಲ್ಲ ಬೇಗ ಹಾಕುತ್ತಿದ್ದೀಯ, ಅಷ್ಟೇ. ಬೆಲ್ಲ ಬಿದ್ದ ಮೇಲೆ ರವೆ ಮೆತ್ತಗಾಗುವುದಿಲ್ಲ. ಒಂದು ಕಪ್ ರವೆ ತುಪ್ಪದಲ್ಲಿ ಘಮ ಬರುವ ತನಕ ಹುರಿದು ಮೂರು ಕಪ್ ಕುದಿಯುವ ನೀರು ಹಾಕಿ ಪೂರ್ತಿ ಬೇಯಿಸು. ಬೆರಳಲ್ಲಿ ಹಿಸುಕಿ ನೋಡಿದ ಮೇಲೆ ಬೆಲ್ಲ. ಹಾಲನ್ನು ಮಾತ್ರ ಬೆಲ್ಲದ ಜೊತೆ ಕುದಿಸಬೇಡ, ಒಡೆಯುತ್ತದೆ. ತಟ್ಟೆಗೆ ಹಾಕಿಕೊಂಡ ಮೇಲೆ ಮೇಲಿಂದ ಸುರಿದುಕೊಳ್ಳಲಿ.

ಜವಾರಿ ಊಟ:

ಪೇಡಾ ಬಿಡಿ ಅಕ್ಕಾ. ಖೋವಾ ಸಣ್ಣ ಉರಿಯಲ್ಲಿ ಸಕ್ಕರೆ ಜೊತೆ ಕಂದು ಬಣ್ಣ ಬರುವ ತನಕ ಹುರಿಯುತ್ತಾ ನಿಲ್ಲಬೇಕು, ಕೈ ಬಿಟ್ಟರೆ ತಳ ಹತ್ತುತ್ತದೆ. ಆ ಬಣ್ಣ, ಆ ತರಿ ಬರುವುದೇ ಅಷ್ಟು ಹೊತ್ತು ಹುರಿಯುವುದರಿಂದ. ಭೌಗೋಳಿಕ ಗುರುತು ಸಿಕ್ಕ ಸಿಹಿ ಅದು, ಕೆಲಸದಿಂದ ಬಂದು ಮಾಡುವಂಥದ್ದಲ್ಲ. ದಿನಾ ಧಾರವಾಡಕ್ಕೆ ಹೋಗುತ್ತೀರಿ, ಬರುವಾಗ ಲೈನ್ ಬಜಾರ್ ಕಡೆ ಹೋಗಿ ಕಾಲು ಕೆ.ಜಿ. ತನ್ನಿ. ನಾನಂತೂ ಪೇಡಾದ ಮನೆ ರೆಸಿಪಿ ಹೇಳುವವರನ್ನು ನಂಬುವುದಿಲ್ಲ.

ಬ್ಯಾಡಗಿ ಕೆಂಪು:

ತಡವಾಗಿ ಬಂದೆ. ಖಾರ ತಿನ್ನದ ಮಗನ ಬಗ್ಗೆ ಒಂದು ಮಾತು. ಅವನಿಗೆ ಬೇರೆ ಬಿಳಿ ಪಲ್ಯ ಮಾಡುವ ಬದಲು ಮನೆಯ ಖಾರಪುಡಿಯನ್ನೇ ಬದಲಿಸಿ. ನಮ್ಮ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಪೇಡಾಕ್ಕೆ ಮಾತ್ರ ಅಲ್ಲ! ಡಬ್ಬಿ, ಕಡ್ಡಿ ಅಂತ ಎರಡು ಬಗೆ. ಡಬ್ಬಿ ಗಿಡ್ಡ, ದುಂಡಗೆ, ಬೀಜ ಜಾಸ್ತಿ. ಕಡ್ಡಿ ಉದ್ದ, ತೆಳ್ಳಗೆ, ಸುಕ್ಕು ಸುಕ್ಕು. ಮಕ್ಕಳಿರುವ ಮನೆಗೆ ಡಬ್ಬಿ ತಂದು ತೊಟ್ಟು ಬಿಡಿಸಿ ಬಿಸಿಲಿಗೆ ಹಾಕಿ, ಗಿರಣಿಯಲ್ಲಿ ಒಂದೇ ಸಲ ಕುಟ್ಟಿಸಿಡಿ. ಪಲ್ಯ ಕೆಂಪಗೆ ಕಾಣುತ್ತದೆ, ಹುಡುಗ ಓಡುವುದಿಲ್ಲ. ಬಿಡಿ ಪುಡಿ ಕೊಳ್ಳುವಾಗ ಮಾತ್ರ ಹುಷಾರು, ಬಣ್ಣ ಬೆರೆಸಿ ಮಾರುವವರೂ ಇದ್ದಾರೆ.

ಹಾನಗಲ್ಲಿನವಳು, ಸದ್ಯ ಬೆಂಗಳೂರು:

ಹಾವೇರಿ ಜಿಲ್ಲೆಯ ಮಾನ ಉಳಿಸಿದಿರಿ ಅಣ್ಣಾ. ಏಲಕ್ಕಿ ಹಾರವೂ ನಮ್ಮದೇ ಅಂತ ಒಂದು ಸಾಲು ಸೇರಿಸಿಬಿಡಿ, ಹೇಗೂ ಹೋಳಿಗೆಗೆ ಏಲಕ್ಕಿ ಬೇಕಲ್ಲ.

ಗದಗಿನ ಮಾಸ್ತರ:

ಸೊಸೆಯವರೇ, ಮಡಕಿ ಕಾಳು ಯಾವ ಡಬ್ಬಿಯಲ್ಲಿದೆ ಅಂತ ಯಜಮಾನರಿಗೆ ಹೇಳಬೇಡಿ. ಹುಡುಕಲಿ. ಹುಡುಕುವಾಗ ಉಳಿದ ಡಬ್ಬಿಗಳೂ ಪರಿಚಯವಾಗುತ್ತವೆ.