‘ಐ ಥಾಟ್ ಯು ನ್ಯೂ’: ಕನ್ನಡಕ್ಕೆ ಬಂದಾಗ ಒಂದು ಭೂತಕಾಲ ಎಲ್ಲಿ ಹೋಗುತ್ತದೆ?

ಎಲ್ಲರಿಗೂ ನಮಸ್ಕಾರ.

ದಿನಬಳಕೆಯ ಇಂಗ್ಲಿಷಿನಲ್ಲಿ ‘ಐ’ ಎಂದು ಶುರುವಾಗಿ ಭೂತಕಾಲದಲ್ಲಿ ಸಾಗುವ ಸಣ್ಣ ವಾಕ್ಯಗಳ ಬಗ್ಗೆ ಈ ಪ್ರಶ್ನೆ. ಅನುವಾದ ಮಾಡುವವರಿಗೂ ಇಂಗ್ಲಿಷ್ ಕಲಿಸುವವರಿಗೂ ಇವು ಮತ್ತೆ ಮತ್ತೆ ಎದುರಾಗುತ್ತವೆ. ನೋಡಲು ಸುಲಭ, ಕನ್ನಡದ ಪಕ್ಕದಲ್ಲಿ ಇಟ್ಟಾಗ ಮಾತ್ರ ಗಂಟು ಕಾಣುತ್ತದೆ.

‘ಐ ಥಾಟ್ ಯು ನ್ಯೂ’ ಎಂಬ ನಾಲ್ಕೇ ಪದಗಳ ವಾಕ್ಯವನ್ನು ತೆಗೆದುಕೊಳ್ಳಿ. ಕನ್ನಡದಲ್ಲಿ ಸಹಜವಾಗಿ ಬಾಯಿಗೆ ಬರುವುದು ‘ನಿಮಗೆ ಗೊತ್ತಿದೆ ಅಂದುಕೊಂಡಿದ್ದೆ’. ಇಂಗ್ಲಿಷಿನಲ್ಲಿ ಎರಡು ಕ್ರಿಯಾಪದಗಳೂ ಭೂತಕಾಲದಲ್ಲಿವೆ. ನಮ್ಮಲ್ಲಿ ‘ಗೊತ್ತಿದೆ’ ವರ್ತಮಾನದಲ್ಲೇ ಕೂತಿದೆ, ಇನ್ನೊಂದು ‘ಅಂದುಕೊಂಡೆ’ಯಲ್ಲಿ ನಿಲ್ಲದೆ ‘ಅಂದುಕೊಂಡಿದ್ದೆ’ಯವರೆಗೆ ಹೋಗಿದೆ. ‘ನಿಮಗೆ ಗೊತ್ತಿತ್ತು ಅಂದುಕೊಂಡೆ’ ಎಂದು ಕಾಲಕ್ಕೆ ಕಾಲ ಹೊಂದಿಸಿ ಬರೆದರೆ ಅರ್ಥವೇ ಬೇರೆಯಾಗುತ್ತದೆ: ಹಿಂದೆ ಯಾವಾಗಲೋ ಗೊತ್ತಿತ್ತು, ಆಮೇಲಿನದು ಹೇಗೋ ಏನೋ.

ಕಾರಣ ನಮ್ಮ ‘ಅಂತ’, ‘ಎಂದು’ಗಳಲ್ಲಿದೆ. ಇವು ಮನಸ್ಸು ಆಗ ಆಡಿದ ಮಾತನ್ನು ಆಡಿದ ಹಾಗೆಯೇ ಎತ್ತಿ ತರುತ್ತವೆ. ಆಗ ನಾನು ಒಳಗೊಳಗೇ ಹೇಳಿಕೊಂಡದ್ದು ‘ಇವರಿಗೆ ಗೊತ್ತಿದೆ’ ಎಂದೇ. ಮೇಲಿನ ವಾಕ್ಯದಲ್ಲಿ ‘ಅಂತ’ ಕಿವಿಗೆ ಬೀಳದಿದ್ದರೂ ‘ಅಂದುಕೊಂಡಿದ್ದೆ’ಯ ‘ಅನ್ನು’ ಅದೇ ಕೆಲಸ ಮಾಡುತ್ತದೆ. ಇಂಗ್ಲಿಷ್ ಹೀಗೆ ಎತ್ತಿ ತರುವುದಿಲ್ಲ. ಮಾತಾಡುವವನು ಈಗ ನಿಂತಿರುವ ಜಾಗದಿಂದಲೇ ಎಲ್ಲವನ್ನೂ ನೋಡುತ್ತಾನೆ. ಅಂದುಕೊಂಡದ್ದು ಹಿಂದೆ, ಹಾಗಾಗಿ ಅಂದುಕೊಂಡ ವಿಷಯವೂ ಹಿಂದಕ್ಕೆ ಸರಿಯಬೇಕು. ಅದಕ್ಕೇ ‘ಐ ಥಾಟ್ ಯು ನೋ’ ಎಂದರೆ ಅವರ ಕಿವಿಗೆ ಒಂದು ಕಾಲು ಕುಂಟಿದಂತೆ ಕೇಳುತ್ತದೆ. ‘ನೀವು ಬರ್ತೀರಿ ಅಂತ ಗೊತ್ತಿರಲಿಲ್ಲ’ ಎಂಬುದು ‘ಐ ಡಿಡಂಟ್ ನೋ ಯು ವರ್ ಕಮಿಂಗ್’ ಆಗುವುದೂ ಹೀಗೆಯೇ. ‘ಹೇಳಿದೆ’ ಎನ್ನುವ ಕಡೆ ಸ್ವಲ್ಪ ಸಡಿಲವಿದೆ. ಹೇಳಿದ ವಿಷಯ ಇವತ್ತಿಗೂ ನಿಜವಾಗಿದ್ದರೆ ‘ಐ ಟೋಲ್ಡ್ ಹಿಮ್ ಐ ಆಮ್ ಎ ಟೀಚರ್’ ಎಂದರೂ ಸರಿ, ‘ಐ ವಾಸ್’ ಎಂದರೂ ಸರಿ. ಆದರೆ ಅಂದುಕೊಂಡದ್ದು ಸುಳ್ಳಾದಾಗ ಆ ಸಡಿಲ ಸಿಗುವುದಿಲ್ಲ.

ಅಂದುಕೊಂಡದ್ದು ಸುಳ್ಳಾಯಿತು ಎಂಬುದನ್ನು ‘ಐ ಥಾಟ್’ ವಾಕ್ಯ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೂ ‘ಐ ಥಾಟ್ ಯು ವರ್ ಅಟ್ ಹೋಮ್’ ಎಂದಾಗ ‘ನೀವು ಮನೆಯಲ್ಲಿಲ್ಲ ಅಂತ ಈಗ ಗೊತ್ತಾಯಿತು’ ಎಂಬುದು ಕೇಳುವವರಿಗೆ ತಲುಪಿರುತ್ತದೆ. ಅದೇ ವಾಕ್ಯದಲ್ಲಿ ‘ಥಾಟ್’ ಮೇಲೆ ಒತ್ತು ಕೊಟ್ಟು ಹೇಳಿದರೆ ಅರ್ಥ ತಿರುಗಿಬಿಡುತ್ತದೆ: ಅಂದುಕೊಂಡದ್ದೇ ನಿಜವಾಯಿತು. ಬರಹದಲ್ಲಿ ಈ ಒತ್ತು ಕಾಣುವುದಿಲ್ಲ, ಹಿಂದುಮುಂದಿನ ಮಾತು ನೋಡಿಯೇ ತಿಳಿಯಬೇಕು. ಕನ್ನಡ ಇದನ್ನು ಬಹುಪಾಲು ಪದಗಳ ಜಾಗದಲ್ಲಿ ತೋರಿಸುತ್ತದೆ ಎಂದು ನನ್ನ ಎಣಿಕೆ. ‘ನೀನು ಬರ್ತೀಯ ಅಂದುಕೊಂಡಿದ್ದೆ’ ಎಂದರೆ ನಿರಾಸೆ. ‘ಅಂದುಕೊಂಡೆ, ನೀನೇ ಇರಬೇಕು ಅಂತ’ ಎಂದು ಕ್ರಿಯಾಪದ ಮುಂದೆ ಬಂದು ‘ಅಂತ’ ಕೊನೆಗೆ ಸರಿದರೆ ಊಹೆ ನಿಜವಾದ ಖುಷಿ. ಇದು ಕಟ್ಟುನಿಟ್ಟಾದ ನಿಯಮವಲ್ಲ, ಆದರೆ ಸಂಭಾಷಣೆ ಅನುವಾದಿಸುವವರಿಗೆ ಬಹಳ ಉಪಯೋಗಕ್ಕೆ ಬರುವ ಉಪಾಯ.

ಇನ್ನು ‘ಇದ್ದೆ’ಯ ವಿಷಯ. ಇದರ ಬಗ್ಗೆಯೇ ನನಗೆ ಹೆಚ್ಚು ಹೇಳಬೇಕಿದೆ. ‘ನಿನ್ನೆ ಅವರ ಮನೆಗೆ ಹೋಗಿದ್ದೆ’ ಎನ್ನುವ ಅಭ್ಯಾಸದಿಂದ ನಮ್ಮಲ್ಲಿ ಅನೇಕರು ‘ಐ ಹ್ಯಾಡ್ ಗಾನ್ ಟು ದೇರ್ ಹೌಸ್ ಯೆಸ್ಟರ್‌ಡೇ’ ಎನ್ನುತ್ತಾರೆ. ಇಂಗ್ಲಿಷಿನ ‘ಹ್ಯಾಡ್’ ಒಂದು ಹಿಂದಿನ ಸಂಗತಿಗಿಂತಲೂ ಹಿಂದಿನದನ್ನು ತೋರಿಸುವ ರೂಪ. ಹಾಗೆಂದ ಕೂಡಲೇ ಕೇಳುವವರು ‘ಆಮೇಲೆ ಏನಾಯಿತು, ಯಾವುದಕ್ಕಿಂತ ಮೊದಲು ಹೋಗಿದ್ದು?’ ಎಂದು ಕಾಯುತ್ತಾರೆ. ಬರೀ ಹೋಗಿಬಂದ ಸುದ್ದಿಗೆ ಅವರಿಗೆ ‘ಐ ವೆಂಟ್’ ಸಾಕು. ಕನ್ನಡದಲ್ಲಿ ಆಗುವುದು ಇದಕ್ಕೆ ತಿರುಗುಮುರುಗು. ‘ನಿನ್ನೆ ಅವರ ಮನೆಗೆ ಹೋದೆ’ ಎಂದರೆ ಮಾತು ಮುಗಿದಂತೆ ಅನ್ನಿಸುವುದಿಲ್ಲ. ಕತೆ ಶುರುವಾಯಿತು, ಮುಂದಿನದಕ್ಕೆ ನಾವು ಕಿವಿಗೊಡುತ್ತೇವೆ. ‘ಹೋಗಿದ್ದೆ’ ಎಂದರೆ ಹೋಗಿದ್ದೂ ಆಯಿತು, ಬಂದಿದ್ದೂ ಆಯಿತು, ವಿಷಯ ಅಲ್ಲಿಗೆ ಪೂರ್ತಿ. ಹಾಗಾಗಿ ‘ಹ್ಯಾಡ್’ ಬಳಸಿದವರನ್ನು ವ್ಯಾಕರಣ ಬಾರದವರು ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಅವರು ಕನ್ನಡದ ಒಂದು ನಿಖರವಾದ ವ್ಯತ್ಯಾಸವನ್ನು ಇಂಗ್ಲಿಷಿಗೆ ಒಯ್ಯಲು ನೋಡುತ್ತಿದ್ದಾರೆ, ಅಲ್ಲಿ ಅದಕ್ಕೆ ಜಾಗವಿಲ್ಲ ಅಷ್ಟೇ. ಕಲಿಸುವವರು ‘ಹ್ಯಾಡ್ ಬೇಡ’ ಎಂದು ಕೆಂಪು ಗೆರೆ ಎಳೆಯುವುದರ ಜೊತೆಗೆ ಈ ಕಾರಣವನ್ನೂ ಹೇಳಿದರೆ ಮಕ್ಕಳಿಗೆ ಬೇಗ ಹತ್ತುತ್ತದೆ.

ಭೂತಕಾಲ ಬರೀ ಹೊತ್ತನ್ನು ತಿಳಿಸುವುದಿಲ್ಲ ಎಂಬುದಕ್ಕೆ ‘ಐ ವಾಂಟೆಡ್ ಟು ಆಸ್ಕ್ ಯು ಸಮ್‌ಥಿಂಗ್’ ಒಳ್ಳೆಯ ಉದಾಹರಣೆ. ಕೇಳಬೇಕೆಂದಿರುವುದು ಈಗಲೇ. ಭೂತಕಾಲ ಹಾಕಿದ್ದರಿಂದ ಕೋರಿಕೆ ಒಂದು ಹೆಜ್ಜೆ ಹಿಂದೆ ನಿಂತು, ಎದುರಿನವರಿಗೆ ಇಲ್ಲವೆನ್ನಲು ದಾರಿ ಬಿಡುತ್ತದೆ. ‘ಐ ವಾಸ್ ವಂಡರಿಂಗ್’ ಇನ್ನೂ ಒಂದು ಹೆಜ್ಜೆ ಹಿಂದೆ. ‘ಐ ವಾಂಟೆಡ್ ಟು ಆಸ್ಕ್’ ಎಂಬುದನ್ನು ‘ನಾನು ನಿಮ್ಮನ್ನು ಏನೋ ಕೇಳಲು ಬಯಸಿದೆ’ ಎಂದು ಅನುವಾದಿಸಿದರೆ ಮಾತು ಸತ್ತೇ ಹೋಗುತ್ತದೆ. ನಮಗೆ ನಮ್ಮದೇ ರೂಪ ಸಿದ್ಧವಾಗಿದೆ: ‘ನಿಮ್ಮನ್ನ ಒಂದು ವಿಷಯ ಕೇಳಬೇಕಿತ್ತು’. ಇದೂ ಭೂತಕಾಲವೇ, ವಿನಯವೂ ಅದೇ. ಆದರೆ ಇಂಗ್ಲಿಷಿನಲ್ಲಿ ‘ಐ’ ಮುಂದೆ ನಿಂತು ಬಯಸುತ್ತದೆ. ಕನ್ನಡದಲ್ಲಿ ‘ನಾನು’ ಬೇಡವೇ ಬೇಡ, ತೀರಾ ಬೇಕೆಂದರೆ ‘ನನಗೆ’ ಎಂದಾಗಿ ಹಿಂದೆ ಸರಿಯುತ್ತದೆ, ಕ್ರಿಯಾಪದ ‘ಇತ್ತು’ ಎಂದು ನಪುಂಸಕದಲ್ಲಿ ನಿಲ್ಲುತ್ತದೆ. ಹೀಗೆ ಮೆಲ್ಲಗೆ ಕೇಳುವುದು ನಮ್ಮ ಭಾಷೆಗೆ ಎಷ್ಟು ಚೆನ್ನಾಗಿ ಒಗ್ಗಿದೆ!

‘ಇಟ್ಸ್ ಟೈಮ್ ಐ ಲೆಫ್ಟ್’ ಕೂಡ ಇದೇ ಜಾತಿಯದು. ಹೊರಡುವುದು ಇನ್ನೂ ಆಗಿಲ್ಲ, ಆದರೂ ‘ಲೆಫ್ಟ್’. ನಾವು ‘ಹೊರಡೋ ಹೊತ್ತಾಯ್ತು’ ಎನ್ನುತ್ತೇವೆ. ಇಲ್ಲೂ ಭೂತಕಾಲ ಇದೆ, ಹೊರಡುವುದರಿಂದ ಎದ್ದು ಹೊತ್ತಿನ ಮೇಲೆ ಕೂತಿದೆ. ಯಾರೋ ಕರೆದಾಗ ಕೂತಲ್ಲಿಂದಲೇ ‘ಬಂದೆ, ಬಂದೆ’ ಎನ್ನುವವರು ನಾವು. ಹಾಗಿರುವಾಗ ‘ಲೆಫ್ಟ್’ ಕಂಡು ಬೆರಗಾಗಬೇಕಿಲ್ಲ.

ಈಗ ನನ್ನ ಮುಖ್ಯ ಪ್ರಶ್ನೆಗೆ ಬರುತ್ತೇನೆ. ‘ಐ ವಾಸ್ ಗೋಯಿಂಗ್ ಟು ಟೆಲ್ ಯು’ ಎಂಬುದಕ್ಕೆ ನೀವು ಏನು ಬಳಸುತ್ತೀರಿ? ಹೇಳುವ ಇರಾದೆಯಿತ್ತು, ಹೇಳಲಾಗಲಿಲ್ಲ ಅಥವಾ ಇನ್ನೂ ಹೇಳಿಲ್ಲ ಎಂಬ ಅರ್ಥ ಉಳಿಯಬೇಕು. ‘ಹೇಳುವವನಿದ್ದೆ’, ‘ಹೇಳುವವಳಿದ್ದೆ’ ಎರಡೂ ಸರಿಯಾಗಿ ಕೂರುತ್ತವೆ, ಆದರೆ ಅಲ್ಲಿ ಗಂಡು ಹೆಣ್ಣು ಬಯಲಾಗುತ್ತದೆ. ‘ಬಂದೆ’, ‘ಹೇಳಿದೆ’, ‘ಅಂದುಕೊಂಡಿದ್ದೆ’ ಇವುಗಳಲ್ಲಿ ಆ ತೊಂದರೆ ಇಲ್ಲ. ಉತ್ತಮ ಪುರುಷದಲ್ಲಿ ನಮ್ಮ ಭೂತಕಾಲವೂ ಇಂಗ್ಲಿಷಿನ ಹಾಗೆ ಲಿಂಗವನ್ನು ಹೇಳುವುದಿಲ್ಲ. ನಿರೂಪಕರು ಗಂಡೋ ಹೆಣ್ಣೋ ಎಂಬುದನ್ನು ಬಚ್ಚಿಟ್ಟ ಕತೆಯನ್ನು ಅನುವಾದಿಸುವಾಗ ಇದು ನಿಜವಾಗಿಯೂ ಮುಖ್ಯ.

‘ಹೇಳಲಿದ್ದೆ’ ಎಂದರೆ ಲಿಂಗದ ತೊಡಕಿಲ್ಲ, ಆದರೆ ಆಡುಮಾತಿಗೆ ಸ್ವಲ್ಪ ಬಿಗಿ. ‘ಹೇಳಬೇಕು ಅಂತಿದ್ದೆ’ ಇರಾದೆಯನ್ನು ಚೆನ್ನಾಗಿ ಹಿಡಿಯುತ್ತದೆ, ಆದರೂ ‘ಬೇಕು’ ಬಂದಿದ್ದರಿಂದ ಕರ್ತವ್ಯದ ಭಾರ ಸೇರಿಕೊಳ್ಳುತ್ತದೆಯೇ? ‘ಹೇಳೋಣ ಅಂತಿದ್ದೆ’ ನನಗೆ ಎಲ್ಲಕ್ಕಿಂತ ಹಗುರವಾಗಿ, ಹತ್ತಿರವಾಗಿ ಕೇಳುತ್ತದೆ. ಒಬ್ಬರೇ ಇದ್ದಾಗಲೂ ಅದು ‘ಹೇಳೋಣ’ ಎಂದೇ ಇರುವುದು ಎಲ್ಲರ ಬಳಕೆಯಲ್ಲೂ ಇದೆಯೇ, ಅಥವಾ ‘ಹೇಳುವಾ ಅಂತಿದ್ದೆ’ಯಂಥ ಬೇರೆ ರೂಪ ನಿಮ್ಮ ಮಾತಿನಲ್ಲಿದೆಯೇ? ಇದ್ದರೆ ಒಂದು ಪೂರ್ತಿ ವಾಕ್ಯದಲ್ಲಿ ಬಳಸಿ, ಹಿಂದುಮುಂದಿನ ಮಾತಿನ ಸಮೇತ ತಿಳಿಸಿ.