‘ಕುಂಠಿತ’ ಅನ್ನುವ ಒಂದೇ ಪದ ಸಾಕಾ?

ಎಲ್ಲರಿಗೂ ನಮಸ್ಕಾರ.

ಲೋಹ ಬೆರೆತ ಕಡಲ ನೀರಿನಲ್ಲಿ ಸೀ ಅರ್ಚಿನ್ (ಮೈತುಂಬ ಮುಳ್ಳಿರುವ, ಚೆಂಡಿನ ಹಾಗಿರುವ ಕಡಲ ಜೀವಿ) ಭ್ರೂಣಕ್ಕೆ ಏನಾಗುತ್ತದೆ ಅನ್ನುವ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಪದ ಮೂರು ದಿನದಿಂದ ಕಾಡುತ್ತಿದೆ. ‘ಲೋಹದಿಂದ ಭ್ರೂಣದ ಬೆಳವಣಿಗೆ ಕುಂಠಿತವಾಗುತ್ತದೆ’ ಅಂತ ಮೊದಲು ಬರೆದೆ. ಕಿವಿಗೆ ಹಿತವಾಗಿಯೇ ಇದೆ. ಆದರೆ ಮೂಲದಲ್ಲಿ ಡಿಲೇ (ತಡವಾಗುವುದು), ಅರೆಸ್ಟ್ (ನಿಂತುಬಿಡುವುದು), ಮಾಲ್‌ಫಾರ್ಮೇಶನ್ (ರೂಪ ಕೆಡುವುದು) ಅಂತ ಮೂರು ಬೇರೆ ಬೇರೆ ಸಂಗತಿಗಳಿವೆ. ನನ್ನ ವಾಕ್ಯ ಮೂರನ್ನೂ ನುಂಗಿಬಿಟ್ಟಿದೆ.

ಇದು ಯಾಕೆ ಮುಖ್ಯ ಅಂದರೆ, ಭ್ರೂಣವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ವೀರ್ಯಾಣು ತಾಕಿದ ಒಂದೆರಡು ನಿಮಿಷದಲ್ಲಿ ಮೊಟ್ಟೆಯ ಸುತ್ತ ತೆಳುವಾದ ಪೊರೆ ಏಳುತ್ತದೆ. ಆಮೇಲೆ ಒಂದು ಜೀವಕೋಶ ಎರಡಾಗಿ, ಎರಡು ನಾಲ್ಕಾಗಿ, ಕೊನೆಗೆ ಟೊಳ್ಳು ಚೆಂಡಾಗುತ್ತದೆ. ಚೆಂಡಿನ ಒಂದು ಬದಿ ಒಳಕ್ಕೆ ಮಡಚಿಕೊಂಡು ಕರುಳಾಗುತ್ತದೆ. ಒಳಗೆ ಸುಣ್ಣದ ಪುಟ್ಟ ಕಡ್ಡಿಗಳು ಮೂಡುತ್ತವೆ. ಎರಡು ಮೂರು ದಿನಕ್ಕೆ ಆ ಕಡ್ಡಿಗಳ ಆಸರೆಯಲ್ಲಿ ತೋಳು ಚಾಚಿದ, ಪ್ಲೂಟಿಯಸ್ ಅನ್ನುವ ಮರಿ ಸಿದ್ಧ. ಮೈ ಗಾಜಿನ ಹಾಗಿರುವುದರಿಂದ ಎಲ್ಲವೂ ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ನೀರಿನ ನಂಜನ್ನು ಪರೀಕ್ಷಿಸಲು ಇದನ್ನು ಜಾಸ್ತಿ ಬಳಸುವುದೂ ಅದಕ್ಕೇ.

ತಾಮ್ರ ಅತಿ ಕಡಿಮೆ ಇದ್ದರೂ, ಲೀಟರಿಗೆ ಹತ್ತಾರು ಮೈಕ್ರೋಗ್ರಾಮ್ ಅಷ್ಟೇ ಇದ್ದರೂ, ಮರಿಗಳು ಸರಿಯಾಗಿ ರೂಪುಗೊಳ್ಳುವುದಿಲ್ಲ. ಕೆಲವು ಭ್ರೂಣಗಳು ಹಿಂದೆ ಬೀಳುತ್ತವೆ, ಆದರೆ ಮುಂದೆ ಹೋಗುತ್ತಲೇ ಇರುತ್ತವೆ. ಇದಕ್ಕೆ ‘ಕುಂಟುತ್ತಾ ಸಾಗು’ ಸರಿಹೊಂದುತ್ತದೆ ಅನ್ನಿಸುತ್ತದೆ. ಕೆಲವಕ್ಕೆ ತೋಳು ಗಿಡ್ಡ, ಕಡ್ಡಿ ಸೊಟ್ಟ. ಇದಕ್ಕೆ ‘ಮುರುಟು’ ಇದೆಯಲ್ಲ! ಎಲೆ ಮುರುಟು ರೋಗ ಅಂತ ರೈತರು ದಿನವೂ ಆಡುವ ಮಾತು. ‘ವಿಕಲಾಂಗ’ ಬೇಡ, ಅದು ಮನುಷ್ಯರ ವಿಷಯದಲ್ಲಿ ಬಳಸಿದ ಪದ. ‘ವಿಕಾರ’ ಅಂದರೆ ಅಸಹ್ಯ ಅನ್ನುವ ಅರ್ಥ ಬಂದುಬಿಡುತ್ತದೆ.

ನಿಕ್ಕಲ್ ನನ್ನ ವಾಕ್ಯವನ್ನು ಪೂರ್ತಿ ಕೆಡವಿತು. ನಿಕ್ಕಲ್ ಬೆರೆತ ನೀರಿನಲ್ಲಿ ಬೆಳೆದ ಭ್ರೂಣಕ್ಕೆ ಹೊಟ್ಟೆ ಯಾವ ಕಡೆ, ಬೆನ್ನು ಯಾವ ಕಡೆ ಅನ್ನುವ ಗುರುತೇ ಅಳಿಸಿಹೋಗುತ್ತದೆ. ಎರಡು ಕಡೆ ಮಾತ್ರ ಹುಟ್ಟಬೇಕಾದ ಕಡ್ಡಿಗಳು ಸುತ್ತಲೂ ಹುಟ್ಟುತ್ತವೆ. ಇದನ್ನು ‘ಕುಂಠಿತ’ ಅನ್ನೋದು ಹೇಗೆ? ಕಡ್ಡಿ ಕಡಿಮೆಯಾಗಿಲ್ಲ, ಜಾಸ್ತಿಯಾಗಿದೆ. ಬೆಳವಣಿಗೆ ನಿಂತಿಲ್ಲ, ದಾರಿ ತಪ್ಪಿದೆ. ಲಿಥಿಯಂನದ್ದೂ ಇದೇ ಕತೆ. ಒಳಕ್ಕೆ ಮಡಚಬೇಕಾದ ಕರುಳು, ಚೀಲದ ಒಳಮೈ ತಿರುವಿದ ಹಾಗೆ, ಹೊರಕ್ಕೆ ಚಾಚಿಕೊಳ್ಳುತ್ತದೆ. ಇದನ್ನು 1890ರ ದಶಕದಲ್ಲೇ ಜರ್ಮನಿಯ ಜೀವವಿಜ್ಞಾನಿ ಕುರ್ಟ್ ಹರ್ಬ್ಸ್ಟ್ ಕಂಡಿದ್ದರು.

ಲಿಥಿಯಂ ಅಂದಾಗ ಇನ್ನೊಂದು ಮಾತು. ಇಂಥ ಲೇಖನಗಳಲ್ಲಿ ಎಲ್ಲವನ್ನೂ ‘ಭಾರಲೋಹ’ ಅಂತ ಬರೆಯುವ ರೂಢಿ ಇದೆ. ಲಿಥಿಯಂ ಲೋಹಗಳಲ್ಲೇ ಅತಿ ಹಗುರ. ಸುಮ್ನೆ ‘ಲೋಹದ ನಂಜು’ ಅಂದರೆ ಎಲ್ಲವೂ ಅದರೊಳಗೆ ಬರುತ್ತದೆ, ಅಲ್ವಾ? ಸೀ ಅರ್ಚಿನ್‌ಗೆ ‘ಕಡಲ ಮುಳ್ಳುಹಂದಿ’ ಅಂತಲೇ ಇಟ್ಟುಕೊಂಡಿದ್ದೇನೆ. ಅರ್ಚಿನ್ ಅನ್ನುವ ಪದಕ್ಕೂ ಹಿಂದಿನ ಕಾಲದ ಇಂಗ್ಲಿಷಿನಲ್ಲಿ ಮುಳ್ಳುಮೈಯ ಪುಟ್ಟ ಪ್ರಾಣಿ ಅಂತಲೇ ಅರ್ಥವಿತ್ತು.

ಉಳಿದದ್ದು ಅರೆಸ್ಟ್. ಟೊಳ್ಳು ಚೆಂಡಿನ ಹಂತದಲ್ಲೇ ನಿಂತು, ಅಲ್ಲಿಂದ ಮುಂದೆ ಹೋಗದ ಭ್ರೂಣ. ‘ಕಮರು’ ಅಂತ ಬರೆದು ಹೊಡೆದುಹಾಕಿದೆ. ಕಮರಿದ ಮೊಗ್ಗು ಅಂದರೆ ಜೀವ ಹೋಯಿತು ಅಂತಲೇ ಓದುಗರು ತಿಳಿಯುತ್ತಾರೆ. ಈ ಚೆಂಡು ಸತ್ತಿರಬೇಕೆಂದೇನೂ ಇಲ್ಲ. ಮೈಮೇಲಿನ ಸಣ್ಣ ರೋಮಗಳನ್ನು ಬಡಿಯುತ್ತಾ ನೀರಿನಲ್ಲಿ ತಿರುಗುತ್ತಿರಬಹುದು. ‘ಸ್ಥಗಿತ’ ಇದೆ, ಆದರೆ ಅದು ಕಚೇರಿಯ ಮಾತಿನ ಹಾಗೆ ಕೇಳುತ್ತದೆ. ಜೀವ ಇದೆ, ಚಲನೆ ಇದೆ, ಬೆಳವಣಿಗೆ ಮಾತ್ರ ನಿಂತಿದೆ. ಇದಕ್ಕೆ ನಿಮ್ಮ ಕಡೆ ಆಡುಮಾತಿನಲ್ಲಿ ಒಂದು ಪದ ಇದೆಯಾ? ಗಿಡದ್ದೋ ಕರುವಿನದ್ದೋ ಆದರೂ ಸರಿ, ಎಂಥ ಸಂದರ್ಭದಲ್ಲಿ ಬಳಸುತ್ತೀರಿ ಅಂತಲೂ ತಿಳಿಸಿ.